ಕಲ್ಲಿನ ಮೇಲಿನ ತರಬೇತಿ ಕರಾರು: ಸಾಲೋಟಗಿ, ನಾಗಾವಿ, ಎಣ್ಣಾಯಿರಂ

ಉತ್ತರ ಬೆಂಗಳೂರಿನ ಶಾಸನ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಹೆಬ್ಬಾಳದ ಕಿತ್ತಯ್ಯನ ಕಲ್ಲು. ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲು. ರಟ್ಟವಾಡಿಯವರು ಬಂದಾಗ ಹೋರಾಡಿ ಸತ್ತವನ ನೆನಪು. ಈ ಬ್ಲಾಗಿನ ಓದುಗರಿಗೆ ಅದರ ಕತೆ ಮತ್ತೆ ಹೇಳಬೇಕಿಲ್ಲ. ಈ ಸಲ ನಾನು ಬರೆಯಲು ಹೊರಟಿರುವುದು ವೀರಗಲ್ಲಿನ ಬಗ್ಗೆ ಅಲ್ಲ, ದಾನಶಾಸನಗಳ ಬಗ್ಗೆ. ಅದರಲ್ಲೂ ಒಂದೇ ಒಂದು ಪ್ರಶ್ನೆ: ಕಲಿಸುವ ಕೆಲಸಕ್ಕೆ ದತ್ತಿ ಬಿಟ್ಟಾಗ, ಏನನ್ನು, ಯಾರಿಗೆ, ಹೇಗೆ ಕಲಿಸಬೇಕು ಅನ್ನೋದನ್ನು ಕಲ್ಲಿನ ಮೇಲೆ ಎಷ್ಟರ ಮಟ್ಟಿಗೆ ಬರೆದಿದ್ದರು?

ದಾನಶಾಸನ ಅಂದರೆ ಒಂದು ಕರಾರು ಪತ್ರವೇ. ವೃತ್ತಿಯಿಂದ ಇಂಜಿನಿಯರ್ ಆದ ನನಗೆ ಅದು ಹಾಗೇ ಕಾಣುತ್ತದೆ. ಮೊದಲಿಗೆ ರಾಜನ ಪ್ರಶಸ್ತಿ, ನಮ್ಮ ಕರಾರಿನ ಪೀಠಿಕೆ ಇದ್ದ ಹಾಗೆ. ಆಮೇಲೆ ಶಕವರ್ಷ, ಸಂವತ್ಸರ, ತಿಥಿ. ಕೊಟ್ಟವರು ಯಾರು, ಪಡೆದವರು ಯಾರು. ಭೂಮಿಯ ಚತುಸ್ಸೀಮೆ. ಯಾವ ಕೆಲಸಕ್ಕೆ ಎಷ್ಟು. ಅವಧಿ ಆಚಂದ್ರಾರ್ಕ. ಕೊನೆಗೆ ಮುರಿದವರಿಗೆ ದಂಡ: ಕವಿಲೆ ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಾಪ. ಹೀಗೆ ಓದಲು ಶುರು ಮಾಡಿದರೆ ಪ್ರಶಸ್ತಿಯ ಹೊಗಳಿಕೆ ಯಾವುದು, ಕರಾರಿನ ಷರತ್ತು ಯಾವುದು ಅಂತ ಬೇರ್ಪಡಿಸುವುದು ಸುಲಭ.

ನನ್ನನ್ನು ಈ ಪ್ರಶ್ನೆಗೆ ದೂಡಿದ್ದು ಶಾಸನವಲ್ಲ, ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ದೊಡ್ಡ ವಸತಿ ಸಮುಚ್ಚಯಕ್ಕೆ ಕೊಳಚೆ ನೀರು ಶುದ್ಧೀಕರಣ ಘಟಕ ಕಟ್ಟಿಕೊಟ್ಟೆವು. ಒಪ್ಪಂದದ ತಾಂತ್ರಿಕ ಭಾಗ ಬರೆದವನು ನಾನು. ಪಂಪಿನ ಸಾಮರ್ಥ್ಯ, ಪೈಪಿನ ದಪ್ಪ, ಬ್ಲೋವರಿನ ಒತ್ತಡ ಎಲ್ಲಕ್ಕೂ ಅಂಕಿ ಕೊಟ್ಟಿದ್ದೆ. ತರಬೇತಿಗೆ ಮಾತ್ರ ಒಂದೇ ಸಾಲು: ‘ಮಾಲೀಕರ ಸಿಬ್ಬಂದಿಗೆ ಸಾಕಷ್ಟು ತರಬೇತಿ ನೀಡತಕ್ಕದ್ದು.’ ಹಿಂದಿನ ಕಡತದಿಂದ ನಕಲು ಮಾಡಿದ ಸಾಲು ಅದು. ಹಸ್ತಾಂತರದ ದಿನ ಮಧ್ಯಾಹ್ನ ಎರಡು ಗಂಟೆ ಇಂಗ್ಲಿಷ್ ಸ್ಲೈಡ್ ತೋರಿಸಿದೆವು. ಹಾಜರಿ ಪಟ್ಟಿಗೆ ಎಲ್ಲರೂ ಸಹಿ ಹಾಕಿದರು. ಕೆಲಸ ಮುಗೀತು.

ಏಳು ತಿಂಗಳ ನಂತರ ಡಿಫ್ಯೂಸರ್ ಕಟ್ಟಿಕೊಂಡು ಬ್ಲೋವರಿನ ಮೇಲೆ ಒತ್ತಡ ಏರಿ, ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆಗತೊಡಗಿತು. ರಾತ್ರಿ ಪಾಳಿಯ ಆಪರೇಟರ್, ರಾಯಚೂರು ಕಡೆಯ ಹುಡುಗ, ಘಟಕ ನಿಲ್ಲಬಾರದು ಅಂತ ರಿಲೇಯ ಸೆಟ್ಟಿಂಗ್ ಮೇಲಕ್ಕೆ ತಿರುಗಿಸಿದ. ಮೂರನೇ ದಿನ ಮೋಟಾರು ಸುಟ್ಟಿತು. ವಿಚಾರಣೆಯಲ್ಲಿ ನಮ್ಮ ಹಾಜರಿ ಪಟ್ಟಿಯೇ ಸಾಕ್ಷಿಯಾಯಿತು: ಇವನಿಗೆ ತರಬೇತಿ ಕೊಡಲಾಗಿದೆ, ಸಹಿ ಇದೆ. ಅವನ ಕೆಲಸ ಹೋಯಿತು. ‘ಸರ್, ಆವತ್ತು ನೀವು ಹೇಳಿದ್ದು ನನಗೆ ಒಂದಕ್ಷರ ತಿಳಿದಿರಲಿಲ್ಲರೀ, ಕೇಳೋಕೆ ನಾಚಿಕೆ ಆಯ್ತು’ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

‘ಸಾಕಷ್ಟು’ ಅನ್ನುವ ಆ ಪದ ತಲೆಯಲ್ಲಿ ಕೂತಿರುವಾಗಲೇ ಸಾಲೋಟಗಿ ಶಾಸನವನ್ನು ಮತ್ತೆ ಓದಿದೆ.

ಸಾಲೋಟಗಿ, ಕ್ರಿ.ಶ. 945

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು ಅಂತ ಶಾಸನ ಹೇಳುತ್ತದೆ. ಇಷ್ಟು ಪೀಠಿಕೆ. ಷರತ್ತುಗಳು ಶುರುವಾಗುವುದು ಇಲ್ಲಿಂದ: ಒಟ್ಟು 500 ನಿವರ್ತನ ಭೂಮಿ, ವಿದ್ಯಾರ್ಥಿಗಳ ವಾಸಕ್ಕೆ 27 ಮನೆ, ದೀಪಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಮತ್ತು ಒಂದು ಮನೆ.

ದೀಪಕ್ಕೆ ಪ್ರತ್ಯೇಕ ಬಾಬ್ತು ಇರುವುದನ್ನು ಗಮನಿಸಿ. ಕತ್ತಲಾದ ಮೇಲೂ ಓದು ನಡೆಯಬೇಕು, ಎಣ್ಣೆಗೆ ದುಡ್ಡಿಲ್ಲ ಅನ್ನುವ ನೆಪ ಬರಬಾರದು. ಉಪಾಧ್ಯಾಯನ ವೃತ್ತಿಯ ಕಾಲು ಭಾಗಕ್ಕೆ ಸ್ವಲ್ಪವೇ ಕಡಿಮೆ ಭೂಮಿ ಬರೀ ದೀಪಕ್ಕೆ! ಬರೆದವನು ಶಾಲೆ ನಡೆಸುವುದು ಅಂದರೇನು ಅಂತ ಬಲ್ಲವನೇ ಇರಬೇಕು.

ಇನ್ನೊಂದು ಷರತ್ತು ಊರಿನ ಮೇಲೆ. ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಶಾಲೆಗೆ ಸಲ್ಲಬೇಕು. ಊರಲ್ಲಿ ಊಟ ಹಾಕಿಸಿದರೆ ಉಪಾಧ್ಯಾಯ, ವಿದ್ಯಾರ್ಥಿಗಳಿಗೂ ಬಡಿಸಬೇಕು. ಮಂತ್ರಿ ಒಮ್ಮೆ ಕೊಟ್ಟು ಹೋದರೆ ಸಾಲದು, ಊರು ಇರುವವರೆಗೆ ಸಣ್ಣ ಸಣ್ಣ ಮೊತ್ತ ಬರುತ್ತಲೇ ಇರಬೇಕು ಅನ್ನುವ ಯೋಚನೆ ಇದು.

ನಾಗಾವಿ, ಕ್ರಿ.ಶ. 1058

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಪಕ್ಕದ ನಾಗಾವಿಯನ್ನು ವಾಟ್ಸಾಪ್ ಸಂದೇಶಗಳಲ್ಲಿ ‘ಪ್ರಾಚೀನ ವಿಶ್ವವಿದ್ಯಾಲಯ’ ಅಂತ ಹಂಚುವುದು ನೋಡಿರುತ್ತೀರಿ. ಶಾಸನ ಬಳಸುವ ಪದ ಘಟಿಕಾಸ್ಥಾನ. ಕದಂಬ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಹೋಗಿ ಸೇರಿದ್ದೂ ಘಟಿಕೆಗೇ, ತಾಳಗುಂದದ ಸ್ತಂಭಶಾಸನ ಅದನ್ನು ಹೇಳುತ್ತದೆ. ವಿಶ್ವವಿದ್ಯಾಲಯ ಅಂತ ಕರೆದರೆ ನಮಗೆ ಹೆಮ್ಮೆ ಅನ್ನಿಸಬಹುದು, ಆದರೆ ಶಾಸನದಲ್ಲಿ ಇರುವುದೇ ಸಾಕಷ್ಟು ದೊಡ್ಡದು. (ನೋಡಿ, ಮತ್ತೆ ಅದೇ ಪದ.)

ಕಲ್ಯಾಣ ಚಾಲುಕ್ಯ ಒಂದನೇ ಸೋಮೇಶ್ವರನ ಅಧಿಕಾರಿ ಮಧುಸೂದನ ಬಿಟ್ಟ ದತ್ತಿ ಇದು. ವೇದ ಓದುವವರು 200, ಶಾಸ್ತ್ರ ಓದುವವರು ಐವತ್ತರ ಆಸುಪಾಸು. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಶಾಸ್ತ್ರ ಅಂದರೆ ಯಾವುದು? ಅದೂ ಸ್ಪಷ್ಟ: ಭಟ್ಟದರ್ಶನ, ಪ್ರಭಾಕರ, ನ್ಯಾಸ. ಮೊದಲ ಎರಡು ಮೀಮಾಂಸೆಯ ಎದುರಾಳಿ ಪಂಥಗಳು, ಮೂರನೆಯದು ವ್ಯಾಕರಣ. ಒಂದೇ ಸೂರಿನಡಿ ಎರಡೂ ಪಂಥ ಇರಬೇಕು ಅಂತ ದತ್ತಿಯಲ್ಲೇ ಬರೆದಿಟ್ಟರೆ, ಮುಂದೆ ಯಾರೋ ಒಬ್ಬ ಬಂದು ‘ನನ್ನ ಪಂಥ ಮಾತ್ರ’ ಅನ್ನುವುದಕ್ಕೆ ದಾರಿಯಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಅಂಕಿ: ಸರಸ್ವತೀ ಭಂಡಾರಿಗರು ಆರು ಜನ. ಪುಸ್ತಕ ನೋಡಿಕೊಳ್ಳುವವರು. ಉಪಾಧ್ಯಾಯರು ಆರು, ಭಂಡಾರಿಗರೂ ಆರು! ತಾಳೆಗರಿ ಹುಳು ತಿನ್ನುತ್ತದೆ, ಒಣಗಿ ಮುರಿಯುತ್ತದೆ. ಕಾಲಕಾಲಕ್ಕೆ ಎಣ್ಣೆ ಸವರಬೇಕು, ಹೊಸ ಪ್ರತಿ ಮಾಡಬೇಕು. ಕಲಿಸುವವನಷ್ಟೇ ಪುಸ್ತಕ ಕಾಯುವವನೂ ಬೇಕು ಅಂತ ಲೆಕ್ಕ ಹಾಕಿದ್ದಾರೆ. ನಾವು ಹಸ್ತಾಂತರದ ದಿನ ಕೊಟ್ಟ ಕೈಪಿಡಿ ಯಾರದೋ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು. ರಾತ್ರಿ ಪಾಳಿಯವನ ಕೈಗೆ ಅದು ಸಿಗುತ್ತಲೇ ಇರಲಿಲ್ಲ.

ಎಣ್ಣಾಯಿರಂ: ಅಧ್ಯಾಯಕ್ಕೆ ಇಷ್ಟು ಚಿನ್ನ

ಷರತ್ತು ಬರೆಯುವ ಕಲೆಯಲ್ಲಿ ಎಲ್ಲರನ್ನೂ ಮೀರಿಸಿದ್ದು ರಾಜೇಂದ್ರ ಚೋಳನ ಕಾಲದ ಎಣ್ಣಾಯಿರಂ ಶಾಸನ. ಊರು ಇಂದಿನ ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯದು, ಭಾಷೆ ತಮಿಳು. ನಮಗೆ ತೀರಾ ದೂರದ್ದೇನಲ್ಲ, ಚೋಳರ ಆಡಳಿತದ ತಮಿಳು ಶಾಸನಗಳಲ್ಲಿ ನಮ್ಮ ಯಲಹಂಕ ನಾಡೇ ‘ಇಲೈಪಾಕ್ಕ ನಾಡು’.

ಅಲ್ಲಿ ಕಿರಿಯ ವಿದ್ಯಾರ್ಥಿಗಳು 270: ಋಗ್ವೇದಕ್ಕೆ 75, ಯಜುರ್ವೇದಕ್ಕೆ 75, ವಾಜಸನೇಯಕ್ಕೆ 20, ಛಾಂದೋಗ ಸಾಮಕ್ಕೆ 20, ತಲವಕಾರ ಸಾಮಕ್ಕೆ 20, ಅಥರ್ವಕ್ಕೆ 10, ಬೌಧಾಯನ ಸೂತ್ರಕ್ಕೆ 10, ರೂಪಾವತಾರ ವ್ಯಾಕರಣಕ್ಕೆ 40. ಹಿರಿಯರು 70: ವ್ಯಾಕರಣಕ್ಕೆ 25, ಪ್ರಭಾಕರಕ್ಕೆ 35, ವೇದಾಂತಕ್ಕೆ 10. ಉಪಾಧ್ಯಾಯರು 14. ಇವರಿಗಾಗಿ 45 ವೇಲಿ ಭೂಮಿ.

ದಿನದ ಭತ್ತ ಕಿರಿಯನಿಗೆ 6 ನಾಳಿ, ಹಿರಿಯನಿಗೆ 1 ಕುರುಣಿ 2 ನಾಳಿ, ಅಂದರೆ 10 ನಾಳಿ. ಲೆಕ್ಕ ಹಾಕಿ ನೋಡಿದೆ: 1620 ಮತ್ತು 700, ಒಟ್ಟು 2320 ನಾಳಿ. 8 ನಾಳಿಗೆ ಒಂದು ಕುರುಣಿ, 12 ಕುರುಣಿಗೆ ಒಂದು ಕಲ. ಹಾಗಾದರೆ ವಿದ್ಯಾರ್ಥಿಗಳಿಗೇ ದಿನಕ್ಕೆ 24 ಕಲ 2 ಕುರುಣಿ.

ಭತ್ತದ ಮೇಲೆ ವರ್ಷಕ್ಕೆ ಚಿನ್ನ. ವ್ಯಾಕರಣ ಹೇಳುವವನಿಗೆ ಅಧ್ಯಾಯಕ್ಕೆ ಒಂದು ಕಳಂಜು, 8 ಅಧ್ಯಾಯಕ್ಕೆ 8. ಪ್ರಭಾಕರ ಹೇಳುವವನಿಗೆ 12 ಅಧ್ಯಾಯಕ್ಕೆ 12. ವೇದಾಂತದವರನ್ನು ಬಿಟ್ಟು 13 ಉಪಾಧ್ಯಾಯರಿಗೆ ತಲಾ ಅರ್ಧ, ಅಂದರೆ 6½. ಹಿರಿಯ ವಿದ್ಯಾರ್ಥಿಗಳು 70 ಜನಕ್ಕೆ ತಲಾ ಅರ್ಧ, 35. ಕೂಡಿದರೆ 61½. ಶಾಸನದ ಮೊತ್ತವೂ ಅದೇ.

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಹಾಜರಿಗೆ ಕೊಡುವುದು ಭತ್ತ, ಮುಗಿಸಿದ ಪಾಠಕ್ಕೆ ಕೊಡುವುದು ಚಿನ್ನ. ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ. ನಾವು ಪೈಪ್ ಹಾಕುವ ಕೆಲಸಕ್ಕೆ ಹಂತ ಹಂತವಾಗಿ ಬಿಲ್ ಮಾಡುತ್ತೇವೆ, ಕಲಿಸುವ ಕೆಲಸಕ್ಕೆ ಮಾಡುವುದಿಲ್ಲ.

ಯಾವ ಭಾಷೆಯಲ್ಲಿ?

ಹೊಯ್ಸಳ ಮೂರನೇ ನರಸಿಂಹನ ಮಂತ್ರಿ ಪೆರುಮಾಳೆ ದಣ್ಣಾಯಕನ 1290ರ ದತ್ತಿಯಲ್ಲಿ ಮಕ್ಕಳಿಗೆ ನಾಗರ, ಕನ್ನಡ, ತಿಗುಳ, ಆರ್ಯ ಓದಿಸುವವರಿಗೆ ವೃತ್ತಿ ಇದೆ. ತಿಗುಳ ಅಂದರೆ ತಮಿಳು, ಆರ್ಯ ಅಂದರೆ ಮರಾಠಿ ಅಂತ ಬಿ.ಎಲ್. ರೈಸ್ ಅರ್ಥ ಮಾಡಿದ್ದಾರೆ. ಮಗು ಯಾವ ಬರಹ ಓದಬೇಕು ಅನ್ನೋದನ್ನು ಹೆಸರಿಟ್ಟು ಹೇಳಿದ್ದಾರೆ. 1290ರಲ್ಲಿ ಕಲ್ಲಿನ ಮೇಲೆ ಬರೆದದ್ದನ್ನು ನಾನು ಕಾಗದದ ಮೇಲೆ ಬರೆಯಲಿಲ್ಲ. ‘ಕನ್ನಡದಲ್ಲಿ’ ಅನ್ನುವ ಒಂದು ಪದ ಸೇರಿಸಿದ್ದರೆ ಸಾಕಿತ್ತು.

ಹೊಗಳಿಕೆ ಬೇರೆ, ಷರತ್ತು ಬೇರೆ

ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ ಇವಕ್ಕಿಂತ ಹೆಚ್ಚು ಪ್ರಸಿದ್ಧ. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣ, ಷಡ್ದರ್ಶನ, ಲಾಕುಳ ಸಿದ್ಧಾಂತ, ಪುರಾಣ, ಜೊತೆಗೆ ಅನಾಥರಿಗೆ ಅನ್ನ, ರೋಗಿಗಳಿಗೆ ಔಷಧ. ಓದಲು ಚೆಂದ. ಆದರೆ ಆ ಪಟ್ಟಿ ಬರುವುದು ಮಠದ ವರ್ಣನೆಯಲ್ಲಿ. ಎಷ್ಟು ಜನ, ಯಾರಿಗೆ ಎಷ್ಟು ಅನ್ನುವ ಬಾಬ್ತು ಆ ಸಾಲುಗಳಲ್ಲಿ ಇಲ್ಲ. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಷರತ್ತಿಗೆ ಇರುವ ತೂಕ ವರ್ಣನೆಗೆ ಇಲ್ಲ ಅಷ್ಟೇ. ನಮ್ಮ ಕಂಪನಿಗಳ ಬ್ರೋಷರಿಗೂ ಒಪ್ಪಂದಕ್ಕೂ ಇರುವ ವ್ಯತ್ಯಾಸ ಇದೇ ತಾನೇ?

ಇನ್ನು ವಿಧಾನದ ಮಾತು. ‘ಬೆಳಗ್ಗೆ ಹೀಗೆ ಹೇಳಿಕೊಡು, ಸಂಜೆ ಹೀಗೆ ಒಪ್ಪಿಸಿಕೋ’ ಅಂತ ಈ ಯಾವ ಶಾಸನವೂ ಹೇಳುವುದಿಲ್ಲ. ಕ್ರಿಯಾಪದಗಳಲ್ಲಿ ಮಾತ್ರ ಸುಳಿವು ಸಿಗುತ್ತದೆ. ನಮ್ಮ ಶಾಸನಗಳಲ್ಲಿ ವೇದವನ್ನು ‘ಓದಿಸುತ್ತಾರೆ’, ಶಾಸ್ತ್ರವನ್ನು ‘ವಕ್ಖಾಣಿಸುತ್ತಾರೆ’. ಒಂದು ಬಾಯಿಪಾಠ, ಇನ್ನೊಂದು ವ್ಯಾಖ್ಯಾನ. ಎರಡಕ್ಕೂ ಬೇಕಾದ ಸಮಯ, ಗುಂಪಿನ ಗಾತ್ರ ಬೇರೆ. ನಾಗಾವಿಯಲ್ಲಿ ವೇದದ ಒಬ್ಬ ಉಪಾಧ್ಯಾಯನಿಗೆ ಸುಮಾರು 67 ಜನ, ಶಾಸ್ತ್ರದವನಿಗೆ ಹದಿನೇಳರಷ್ಟು ಮಾತ್ರ. ವಿಧಾನವನ್ನು ಗುರುವಿಗೆ ಬಿಟ್ಟು, ಅದಕ್ಕೆ ಬೇಕಾದ ಜನ, ಅನ್ನ, ದೀಪ, ಪುಸ್ತಕವನ್ನು ಕರಾರಿನಲ್ಲಿ ಕಟ್ಟಿಹಾಕಿದ್ದಾರೆ.

ಒಂದು ಮಾತನ್ನು ಮುಚ್ಚಿಡಬಾರದು. ಈ ತಲೆಲೆಕ್ಕದೊಳಗೆ ಬಂದವರು ವೇದ, ಶಾಸ್ತ್ರ ಓದಲು ಅಧಿಕಾರ ಇದ್ದವರು ಮಾತ್ರ. ಆ ಕಲ್ಲನ್ನು ಕಡಿದು ನಯ ಮಾಡಿ ಅಕ್ಷರ ಕೊರೆದ ರೂವಾರಿಯ ಕಲಿಕೆಗೆ ಇಲ್ಲಿ ಒಂದು ಮತ್ತರು ಭೂಮಿಯೂ ಇಲ್ಲ. ಅವನು ಕಲಿತದ್ದು ಅಪ್ಪನ ಪಕ್ಕದಲ್ಲಿ ಕೂತು. ಇಂದಿನ ನಮ್ಮ ಆಪರೇಟರುಗಳ ಸ್ಥಿತಿ ಆ ರೂವಾರಿಗೆ ಹತ್ತಿರ, ಘಟಿಕಾಸ್ಥಾನದ ವಿದ್ಯಾರ್ಥಿಗಲ್ಲ. ಅವರ ಪಕ್ಕ ಕೂರಿಸಿಕೊಂಡು ಕಲಿಸುವ ಅಪ್ಪನೂ ಇಲ್ಲ.

ಈಗ ನಾನು ಬರೆಯುವ ತರಬೇತಿ ಷರತ್ತು ಒಂದೂವರೆ ಪುಟ ಇದೆ. ಆಪರೇಟರುಗಳ ಸಂಖ್ಯೆ, ಪಾಳಿವಾರು ತಂಡ, ದಿನಗಳ ಲೆಕ್ಕ. ಭಾಷೆ ಕನ್ನಡ, ಬೇಕಾದಲ್ಲಿ ಹಿಂದಿ. ಕನ್ನಡ ಕೈಪಿಡಿ ಪ್ಯಾನೆಲ್ ಪಕ್ಕದಲ್ಲೇ ಇರಬೇಕು, ಅದಕ್ಕೊಬ್ಬ ಹೊಣೆಗಾರ. ನಮ್ಮ ಕಡತದಲ್ಲಿ ಅವರನ್ನು ‘ಭಂಡಾರಿ’ ಅಂತಲೇ ಕರೆಯುತ್ತೇವೆ, ಮೊದಮೊದಲು ನಕ್ಕವರೂ ಈಗ ಹಾಗೇ ಅನ್ನುತ್ತಾರೆ. ಆಪರೇಟರ್ ತಾನೇ ಘಟಕ ಚಾಲೂ ಮಾಡಿ, ನಿಲ್ಲಿಸಿ, ರಿಲೇ ಟ್ರಿಪ್ ಆದದ್ದು ಯಾಕೆ ಅಂತ ಹುಡುಕಿ ತೋರಿಸಿದ ಮೇಲೆಯೇ ತರಬೇತಿಯ ಬಿಲ್. ಅಧ್ಯಾಯಕ್ಕೊಂದು ಕಳಂಜು.

ಬಹಳಷ್ಟು ಶಾಸನಗಳ ಕೊನೆಯಲ್ಲಿ, ಶಾಪದ ಮಾತೂ ಮುಗಿದ ಮೇಲೆ, ಇನ್ನೊಂದು ಸಾಲು ಇರುತ್ತದೆ: ಬರೆದವನು ಇಂಥವನು, ಕಂಡರಿಸಿದವನು ಇಂಥವನು. ನಮ್ಮ ಒಪ್ಪಂದಗಳಲ್ಲಿ ಎರಡೂ ಕಡೆಯವರ ಸಹಿ ಇರುತ್ತದೆ, ಹಾಜರಿ ಪಟ್ಟಿಯಲ್ಲಿ ಆಪರೇಟರನ ಸಹಿ ಇರುತ್ತದೆ, ಷರತ್ತು ಬರೆದವನ ಹೆಸರು ಎಲ್ಲೂ ಇರುವುದಿಲ್ಲ. ಆ ಹಳೆಯ ಕಡತದಲ್ಲೂ ಇಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ: ‘ಸಾಕಷ್ಟು ತರಬೇತಿ’ ಅನ್ನುವ ಆ ಸಾಲನ್ನು ಬರೆದವನು ನಾನು.