ರೋಗಿಗಳೇ ಕಟ್ಟಿದ ಸಂಘಗಳು: ಪಠ್ಯದಲ್ಲಿಲ್ಲದ ಒಂದು ಚರಿತ್ರೆ

ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವನು ನಾನು. ರಾಜರು, ಯುದ್ಧಗಳು, ಒಪ್ಪಂದಗಳು, ಕಾಯಿದೆಗಳು, ಇವೆಲ್ಲದರ ಇಸವಿಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದ್ದೇನೆ. ಅದಕ್ಕಾಗಿ ಆಗ ನನ್ನನ್ನು ಮನಸ್ಸಿನಲ್ಲೇ ಬೈದುಕೊಂಡವರೂ ಈ ಪುಟವನ್ನು ಓದುತ್ತಿರುವಿರೆಂದು ಬಲ್ಲೆ. ಆದರೆ ಕಾಯಿಲೆ ಬಿದ್ದವರ ಚರಿತ್ರೆ, ಅದರಲ್ಲಿಯೂ ಮನಸ್ಸಿನ ಕಾಯಿಲೆಗೆ ತುತ್ತಾದವರ ಚರಿತ್ರೆ, ನಮ್ಮ ಪಠ್ಯದಲ್ಲಿ ಎಲ್ಲಿಯೂ ಇರಲಿಲ್ಲ.

ಈಚೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ನನಗೆ ಪತ್ರ ಬರೆದಿದ್ದಳು. ಆಕೆಯ ತಮ್ಮನಿಗೆ ಬೈಪೋಲಾರ್ ಎಂಬ ಕಾಯಿಲೆ. ಕೆಲವು ತಿಂಗಳು ಉತ್ಸಾಹದ ಉಬ್ಬರ, ಕೆಲವು ತಿಂಗಳು ಹಾಸಿಗೆಯಿಂದ ಏಳಲಾಗದ ಖಿನ್ನತೆ. ಔಷಧಿಯ ಜೊತೆಗೆ ಇದೇ ಕಾಯಿಲೆಯುಳ್ಳವರು ಕೂಡುವ ಗುಂಪೊಂದಕ್ಕೆ ಹೋಗಿಬರಲು ವೈದ್ಯರು ಹೇಳಿದರಂತೆ. "ರೋಗಿಗಳು ರೋಗಿಗಳಿಗೆ ಏನು ತಾನೇ ಹೇಳಿಯಾರು ಸಾರ್? ಇದಕ್ಕೆ ಹಿನ್ನೆಲೆ ಏನಾದರೂ ಉಂಟೇ, ಇಲ್ಲ ಈಚಿನ ಫ್ಯಾಷನ್ನೇ?" ಎಂದು ಕೇಳಿದ್ದಳು. ಉತ್ತರ ಉದ್ದವಾಯಿತು. ಆಕೆಯ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ಹಿನ್ನೆಲೆ ಉಂಟು, ಅದೂ ಹಳೆಯದು. ಬ್ರಿಟನ್ನಿನ ಚರಿತ್ರೆಯಲ್ಲಿ ಕೊಲೆಯಾದ ಪ್ರಧಾನಮಂತ್ರಿ ಒಬ್ಬನೇ: 1812ರಲ್ಲಿ ಪಾರ್ಲಿಮೆಂಟಿನ ಆವರಣದಲ್ಲಿಯೇ ಗುಂಡಿಗೆ ಬಲಿಯಾದ ಸ್ಪೆನ್ಸರ್ ಪರ್ಸಿವಲ್. ಆತನ ಮಗ ಜಾನ್ ಪರ್ಸಿವಲ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. 1831ರ ಆರಂಭದಿಂದ 1834ರವರೆಗೆ ಆತನನ್ನು ಹುಚ್ಚಾಸ್ಪತ್ರೆಗಳಲ್ಲಿ ಇರಿಸಿದ್ದರು. ಹೊರಬಂದ ಮೇಲೆ ಅಲ್ಲಿ ಕಂಡುಂಡದ್ದನ್ನು ಎರಡು ಸಂಪುಟಗಳಲ್ಲಿ ಬರೆದು ಪ್ರಕಟಿಸಿದನು. ಅಷ್ಟಕ್ಕೇ ನಿಲ್ಲದೆ ತನ್ನಂಥವರ ಜೊತೆಗೂಡಿದನು. 1845ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆ ಸಂಘದ ಹೆಸರನ್ನು ಕನ್ನಡಿಸಿದರೆ 'ಹುಚ್ಚರೆಂದು ಆಪಾದಿತರಾದವರ ಮಿತ್ರಸಂಘ' ಎಂದಾಗುತ್ತದೆ. 'ಆಪಾದಿತರಾದ' ಎಂಬ ಆ ಪದವನ್ನು ಗಮನಿಸಿರಿ. ಸಂಘದ ವಾದವೆಲ್ಲ ಆ ಒಂದು ಪದದಲ್ಲಿಯೇ ಅಡಗಿದೆ. ಅವರು ಪಾರ್ಲಿಮೆಂಟಿಗೆ ಅರ್ಜಿ ಹಾಕಿದರು, ಅನ್ಯಾಯವಾಗಿ ಕೂಡಿಹಾಕಲ್ಪಟ್ಟವರ ಪರವಾಗಿ ಓಡಾಡಿದರು. ಸುಮಾರು ಎರಡು ದಶಕ ನಡೆದು ಸಂಘ ಕಣ್ಮರೆಯಾಯಿತು. ಹಕ್ಕಿಗಾಗಿ ಹೋರಾಡುವುದೇ ಅದರ ಕೆಲಸವಾಗಿತ್ತು. ಒಬ್ಬರಿಗೊಬ್ಬರು ಹೆಗಲು ಕೊಟ್ಟು ದಿನ ದೂಡುವ ಕಲೆ ಮುಂದೆ, ಬೇರೆಡೆ ಬೆಳೆಯಬೇಕಿತ್ತು.

ಎರಡನೆಯ ಹೆಸರು ಅಮೆರಿಕದ ಕ್ಲಿಫರ್ಡ್ ಬಿಯರ್ಸ್. ಯೇಲ್ ವಿಶ್ವವಿದ್ಯಾಲಯದ ಪದವೀಧರ. 1900ರಲ್ಲಿ ತೀವ್ರ ಖಿನ್ನತೆಯಲ್ಲಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದು, 1903ರವರೆಗೆ ಮೂರು ಆಸ್ಪತ್ರೆಗಳನ್ನು ಕಂಡನು. ಖಿನ್ನತೆ ಕಳೆದು ಅತ್ಯುತ್ಸಾಹ ಬಂದಾಗ ಅಲ್ಲಿನ ಕಾವಲುಗಾರರಿಂದ ಏಟನ್ನೂ ತಿಂದನು. 1908ರಲ್ಲಿ ಪ್ರಕಟವಾದ ಆತನ ಆತ್ಮಕಥೆ ಆ ದೇಶವನ್ನು ಎಚ್ಚರಿಸಿತು. ಅದೇ ವರ್ಷ ಕನೆಕ್ಟಿಕಟ್‌ನಲ್ಲಿ, ಮರುವರ್ಷ ರಾಷ್ಟ್ರಮಟ್ಟದಲ್ಲಿ, ಮಾನಸಿಕ ಆರೋಗ್ಯಕ್ಕಾಗಿ ಸಮಿತಿಗಳು ಹುಟ್ಟಿದವು. ಆದರೆ ನನ್ನ ಎಣಿಕೆಯಲ್ಲಿ ಇಲ್ಲೊಂದು ತಿರುವಿದೆ. ರೋಗಿಯೊಬ್ಬ ಹುಟ್ಟುಹಾಕಿದ ಚಳವಳಿಯ ಚುಕ್ಕಾಣಿ ಬೇಗನೆ ವೈದ್ಯರು, ಪ್ರಾಧ್ಯಾಪಕರು, ಧನಿಕ ದಾನಿಗಳ ಕೈ ಸೇರಿತು. ಬಿಯರ್ಸ್ ಕಾರ್ಯದರ್ಶಿಯಾಗಿ ದುಡಿದನು ನಿಜ. ಉಳಿದ ರೋಗಿಗಳಿಗೆ ಮಾತ್ರ ಆ ಸಮಿತಿಗಳಲ್ಲಿ ಕುರ್ಚಿ ಇರಲಿಲ್ಲ. ಕೊನೆಗಾಲದಲ್ಲಿ ಕಾಯಿಲೆ ಮರಳಿ, 1943ರಲ್ಲಿ ಬಿಯರ್ಸ್ ಮಾನಸಿಕ ಆಸ್ಪತ್ರೆಯಲ್ಲಿಯೇ ತೀರಿಕೊಂಡನು.

ಆ ಕುರ್ಚಿಯನ್ನು ಹಾಕಿಸಿದವನು ಒಬ್ಬ ವೈದ್ಯ. ಈ ಮಾತು ಸ್ವಲ್ಪ ವಿಚಿತ್ರವೆನಿಸೀತು.

ಅಬ್ರಹಾಂ ಲೋ 1891ರಲ್ಲಿ ಇಂದಿನ ಪೋಲೆಂಡಿನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ವೈದ್ಯಶಾಸ್ತ್ರ ಓದಿ, ಅಮೆರಿಕಕ್ಕೆ ವಲಸೆ ಹೋದವನು. ಷಿಕಾಗೋದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮನೋವೈದ್ಯ ಸಂಸ್ಥೆಯಲ್ಲಿ ಕೆಲಸ. ವಿಯೆನ್ನಾದಿಂದ ಬಂದವನಾದರೂ ಫ್ರಾಯ್ಡ್‌ನ ಮನೋವಿಶ್ಲೇಷಣೆಯನ್ನು ಆತ ಒಪ್ಪಲಿಲ್ಲ. ಆತನನ್ನು ಕಾಡಿದ್ದು ಒಂದೇ ಸಮಸ್ಯೆ: ಆಸ್ಪತ್ರೆಯಲ್ಲಿ ಸುಧಾರಿಸಿ ಮನೆಗೆ ಹೋದವರು ಮತ್ತೆ ಕಾಯಿಲೆ ಬೀಳುವುದು. ಮನೆಯಲ್ಲಿ ಎಲ್ಲರ ಕಣ್ಣೂ ಅವರ ಮೇಲೆಯೇ. ಸ್ವಲ್ಪ ಸಿಡುಕಿದರೆ "ಮತ್ತೆ ಶುರುವಾಯಿತು" ಎಂಬ ಮಾತು. ರಾತ್ರಿ ನಿದ್ದೆ ಬರದಿದ್ದರೆ ರೋಗಿಗೇ ತನ್ನ ಮೇಲೆ ಗುಮಾನಿ. 1937ರ ನವೆಂಬರ್ 7ರಂದು ಲೋ ಮತ್ತು ಆತನ 37 ಮಂದಿ ಮಾಜಿ ರೋಗಿಗಳು ಸೇರಿ 'ರಿಕವರಿ' ಎಂಬ ಸಂಘವನ್ನು ಸ್ಥಾಪಿಸಿದರು. ಚೇತರಿಕೆ ಎಂದು ಅರ್ಥ. (1937ರಲ್ಲಿ 37 ಜನ! ಬಾಯಿಪಾಠಕ್ಕೆ ಇಷ್ಟು ಸುಲಭವಾದ ಇಸವಿ ನನ್ನ ವೃತ್ತಿಜೀವನದಲ್ಲಿ ಸಿಕ್ಕಿರಲಿಲ್ಲ.) ಆರಂಭದಲ್ಲಿ ಅವರು ಕಾಯಿದೆಯ ವಿಷಯಕ್ಕೂ ಕೈಹಾಕಿ, ರೋಗಿಗಳನ್ನು ಆಸ್ಪತ್ರೆಗೆ ಒಪ್ಪಿಸುವ ಇಲಿನಾಯ್ ಸಂಸ್ಥಾನದ ಕಾನೂನನ್ನು ಬದಲಿಸಲು ಪ್ರಯತ್ನಿಸಿದರು. ಕ್ರಮೇಣ ಅದನ್ನು ಬಿಟ್ಟು ಸಭೆಗಳ ಕಡೆಗೆ ತಿರುಗಿದರು.

ಆ ಸಭೆಗಳ ಕ್ರಮವನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಮಾತಾಡುವವರು ಜೀವನದ ದೊಡ್ಡ ದುರಂತವನ್ನು ಹೇಳುವಂತಿಲ್ಲ. ಒಂದು ಸಣ್ಣ ಘಟನೆಯನ್ನು ಆಯ್ದುಕೊಳ್ಳಬೇಕು. ನಾನೇ ಒಂದು ನಿದರ್ಶನ ಕೊಡುತ್ತೇನೆ: ಪಕ್ಕದ ಮನೆಯಾಕೆಗೆ ನಮಸ್ಕಾರ ಮಾಡಿದೆ, ಆಕೆ ನೋಡದೆ ಹೋದಳು ಎನ್ನಿ. ಮೊದಲು ನಡೆದದ್ದನ್ನಷ್ಟೇ ಹೇಳಬೇಕು. ಅನಂತರ ದೇಹದಲ್ಲಿ, ಮನಸ್ಸಿನಲ್ಲಿ ಏನಾಯಿತೆಂದು: ಎದೆ ಬಡಿತ, ಕೈ ನಡುಕ, 'ನನ್ನ ಕಾಯಿಲೆ ಆಕೆಗೆ ಗೊತ್ತಾಗಿದೆ' ಎಂಬ ಯೋಚನೆ. ಮೂರನೆಯದಾಗಿ, ಆ ಹೊತ್ತಿನಲ್ಲಿ ತಾನು ಅಭ್ಯಾಸ ಮಾಡಿದ ಯಾವ ಉಪಾಯವನ್ನು ಬಳಸಿದೆ ಎಂದು. ನಾಲ್ಕನೆಯದಾಗಿ, ಈ ಅಭ್ಯಾಸಕ್ಕೆ ಮೊದಲಾಗಿದ್ದರೆ ಏನು ಮಾಡುತ್ತಿದ್ದೆ ಎಂದು: ಮೂರು ದಿನ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದೆ. ಆಮೇಲೆ ಉಳಿದವರು ತಮಗೆ ತೋಚಿದ ಉಪಾಯಗಳನ್ನು ಹೇಳುತ್ತಾರೆ. ಪ್ರಯತ್ನ ಫಲಿಸದಿದ್ದರೂ ಪ್ರಯತ್ನಿಸಿದ್ದಕ್ಕಾಗಿ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆಂಬುದು ಇನ್ನೊಂದು ನಿಯಮ. ರೋಗನಿರ್ಣಯದ ಮಾತು ಅಲ್ಲಿ ಆಡುವಂತಿಲ್ಲ. ಔಷಧಿಯ ವಿಷಯವೆಲ್ಲ ಅವರವರ ವೈದ್ಯರಿಗೇ ಬಿಟ್ಟದ್ದು.

ಮೇಷ್ಟ್ರಾಗಿ ಹೇಳುತ್ತೇನೆ, ಇದು ಒಳ್ಳೆಯ ಪಾಠಕ್ರಮ. ಬಿ.ಎಡ್. ತರಗತಿಯಲ್ಲಿ ನಮಗೆ 'ಸರಳದಿಂದ ಕ್ಲಿಷ್ಟಕ್ಕೆ' ಎಂದು ಉರುಹಚ್ಚಿಸಿದ್ದರು. ಲೋ ಮಾಡಿದ್ದು ಅದನ್ನೇ. ದೊಡ್ಡ ದುಃಖವನ್ನು ಯಾರೂ ಅಭ್ಯಾಸ ಮಾಡಲಾರರು; ನೋಡದೆ ಹೋದ ನೆರೆಯಾಕೆಯನ್ನು ಅಭ್ಯಾಸ ಮಾಡಬಹುದು. ರೋಗಿಗಳು ರೋಗಿಗಳಿಗೆ ಏನು ಹೇಳಿಯಾರು ಎಂದರೆ, ಇದನ್ನು ಹೇಳುತ್ತಾರೆ.

1950ರಲ್ಲಿ ಲೋ ತನ್ನ ವಿಧಾನವನ್ನು ವಿವರಿಸುವ ಪುಸ್ತಕ ಪ್ರಕಟಿಸಿದನು. ಸಹೋದ್ಯೋಗಿ ಮನೋವೈದ್ಯರಲ್ಲಿ ಅದಕ್ಕೆ ಹೆಚ್ಚಿನ ಆದರ ಸಿಗಲಿಲ್ಲ. 1952ರಲ್ಲಿ ಸಂಘದ ಆಡಳಿತವನ್ನು ಪೂರ್ತಿಯಾಗಿ ಸದಸ್ಯರ ಕೈಗೆ ಒಪ್ಪಿಸಿ, 1954ರಲ್ಲಿ ತೀರಿಕೊಂಡನು. ಆ ಎರಡು ವರ್ಷದ ಅಂತರ ನನಗೆ ಬಹು ದೊಡ್ಡದಾಗಿ ಕಾಣುತ್ತದೆ. ಮುಖ್ಯೋಪಾಧ್ಯಾಯರು ನಿವೃತ್ತರಾದ ಮರುದಿನವೇ ಕುಸಿದ ಶಾಲೆಗಳನ್ನು ನಾನು ಕಂಡಿದ್ದೇನೆ. ಸಂಬಳವಿಲ್ಲದ, ವೈದ್ಯ ಪದವಿಯಿಲ್ಲದ, ಸ್ವತಃ ಕಾಯಿಲೆ ಕಂಡ ಸ್ವಯಂಸೇವಕರೇ ಅಂದಿನಿಂದ ಆ ಸಭೆಗಳನ್ನು ನಡೆಸಿಕೊಂಡು ಬಂದಿದ್ದಾರೆ. ಹೆಸರು ಮುಂದೆ 'ರಿಕವರಿ ಇಂಟರ್‌ನ್ಯಾಷನಲ್' ಎಂದಾಯಿತು. ಸಂಘ ಇಂದಿಗೂ ಇದೆ.

ಇದೇ ಕಾಲದಲ್ಲಿ ಬೆಳೆದ ಇನ್ನೊಂದು ಸಂಘ ನಿಮಗೆ ಗೊತ್ತಿರುವಂಥದೇ: 1935ರಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್. ಕುಡಿತ ಬಿಟ್ಟವರು ಕುಡಿತ ಬಿಡುವವರಿಗೆ ನೆರವಾಗುವ ಕೂಟ. ಅದರ ಸ್ಥಾಪಕರಲ್ಲೊಬ್ಬನಾದ ಬಿಲ್ ವಿಲ್ಸನ್ ಕುಡಿತವನ್ನು ಗೆದ್ದ ಮೇಲೆಯೂ 1940ರ ದಶಕದ ನಡುವಿನಿಂದ ವರ್ಷಗಟ್ಟಲೆ ಖಿನ್ನತೆಯಲ್ಲಿ ಬೆಂದನೆಂಬುದು ಹೆಚ್ಚು ಜನರಿಗೆ ತಿಳಿಯದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕುಡುಕರಲ್ಲದ ಕೆಲವು ಮಾಜಿ ಮನೋರೋಗಿಗಳು, ಬೇರೆಲ್ಲೂ ತಾವಿಲ್ಲದ್ದರಿಂದ, ಈ ಕುಡುಕರ ಸಭೆಗಳಿಗೇ ಹೋಗಿ ಕೂರುತ್ತಿದ್ದರು! ಅವರಲ್ಲಿ ಕಾನ್ ಕಿಯೋ ಎಂಬ ಕ್ಯಾಥೊಲಿಕ್ ಪಾದ್ರಿಯೂ ಒಬ್ಬ. 1957ರಲ್ಲಿ ಅವರೆಲ್ಲ ಸೇರಿ ತಮ್ಮದೇ ಗುಂಪನ್ನು ಕಟ್ಟಿದರು. ಅದೇ ಮುಂದೆ 'ಗ್ರೋ' ಎಂಬ ಸಂಘವಾಯಿತು. ಸ್ವತಃ ಖಿನ್ನತೆಯಿಂದ ನರಳಿದ ಹೆಸರಾಂತ ಮನಶ್ಶಾಸ್ತ್ರಜ್ಞ ಹೋಬರ್ಟ್ ಮೌರರ್ ಆಹ್ವಾನದ ಮೇರೆಗೆ 1978ರಲ್ಲಿ ಅದು ಇಲಿನಾಯ್‌ಗೂ ಬಂದಿತು.

ಬೈಪೋಲಾರ್ ಮತ್ತು ಖಿನ್ನತೆ ಇರುವವರದೇ ಪ್ರತ್ಯೇಕ ಸಂಘಗಳು ಹುಟ್ಟಿದ್ದು ಇನ್ನೂ ತಡವಾಗಿ. ಇದಕ್ಕೆ ಕಾರಣ ಲಿಥಿಯಂ ಎಂಬುದು ನನ್ನ ಊಹೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ ಉನ್ಮಾದಕ್ಕೆ ಈ ಲವಣ ಮದ್ದಾಗಬಲ್ಲುದೆಂದು ಕಂಡುಹಿಡಿದನು. ಅಮೆರಿಕದ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1970ರಲ್ಲಿ. ಅದಕ್ಕೆ ಮೊದಲು ಆಸ್ಪತ್ರೆಯೊಳಗೇ ವರ್ಷ ಕಳೆಯುತ್ತಿದ್ದವರು ಈಗ ಮಾತ್ರೆ ನುಂಗುತ್ತ, ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸುತ್ತ, ಆಫೀಸಿಗೂ ಹೋಗತೊಡಗಿದರು. ಕೈ ನಡುಕ, ಬಾಯಾರಿಕೆ, ಏರುವ ತೂಕ, ಮದುವೆಯ ಮಾತು ಬಂದಾಗ ಹೇಳುವುದೋ ಬಿಡುವುದೋ, ಇವನ್ನೆಲ್ಲ ಯಾರ ಹತ್ತಿರ ಕೇಳುವುದು? 1983ರಲ್ಲಿ ಬ್ರಿಟನ್ನಿನಲ್ಲಿ ಇವರದೇ ಒಂದು ಕೂಟ, 1985ರಲ್ಲಿ ಷಿಕಾಗೋದಲ್ಲಿ ಇನ್ನೊಂದು ಹುಟ್ಟಿತು. ಎರಡನೆಯದಕ್ಕೆ 2002ರಿಂದ 'ಡಿಪ್ರೆಷನ್ ಅಂಡ್ ಬೈಪೋಲಾರ್ ಸಪೋರ್ಟ್ ಅಲಯನ್ಸ್' ಎಂದು ಹೆಸರು. ಮತ್ತೆ ಷಿಕಾಗೋ! ಆ ಊರಿನ ನೀರಿನಲ್ಲೇನಿದೆಯೋ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಹೊರಗಟ್ಟದೆ, ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆಯಲ್ಲೇ ಇರಿಸಿಕೊಂಡರು. ಸಿಬ್ಬಂದಿಯ ಕೊರತೆಯೂ ನೀಗಿತು, ರೋಗಿಗೆ ಮನೆಯವರ ಕೈಯೂಟವೂ ಸಿಕ್ಕಿತು. ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಮೆಡಿಕೊ ಪ್ಯಾಸ್ಟೊರಲ್ ಅಸೋಸಿಯೇಷನ್ ಆಸ್ಪತ್ರೆಗೂ ಮನೆಗೂ ನಡುವಣ ತಂಗುಮನೆಯನ್ನು ನಡೆಸಿತು. ನಿಮ್ಹಾನ್ಸ್ ಎಂದು ನಾವೆಲ್ಲ ಬಲ್ಲ ಸಂಸ್ಥೆ ಈಗಿನ ರೂಪಕ್ಕೆ ಬಂದದ್ದು 1974ರಲ್ಲಿ. ಮುಂದೆ ಬೆಂಗಳೂರಿನಲ್ಲಿಯೇ 'ಅಮೆಂಡ್' ಎಂಬ, ರೋಗಿಗಳ ಕುಟುಂಬದವರ ಸಂಘವೂ ಹುಟ್ಟಿತು. ಇವೆಲ್ಲ ದೊಡ್ಡ ಕೆಲಸಗಳು. ಆದರೆ ಇಲ್ಲೆಲ್ಲ ಮಾತಾಡುವವರು ಹೆಚ್ಚಾಗಿ ತಾಯಿ, ತಂದೆ, ಅಣ್ಣ, ಹೆಂಡತಿ. ಕಾಯಿಲೆಯವನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾನೆ. ನಮ್ಮ ಕುಟುಂಬದ ಬಲವೂ ಅದೇ, ಮಿತಿಯೂ ಅದೇ.

1990ರ ದಶಕದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗಣಿತದ ಮೇಷ್ಟ್ರೊಬ್ಬರು ತಿಂಗಳಿಗೊಮ್ಮೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿಬರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಹೊಟ್ಟೆಹುಣ್ಣಿಗೆ ಔಷಧಿ ಎನ್ನುತ್ತಿದ್ದರು. ನಿಜ ಸಂಗತಿ ನನಗೊಬ್ಬನಿಗೆ ಹೇಳಿದ್ದರು. ಆಸ್ಪತ್ರೆಯಲ್ಲಿ ಹೆಸರು ಕೂಗುವವರೆಗೆ ಹೊರಗಿನ ಮರದ ಕೆಳಗೆ ಕಾಯಬೇಕಿತ್ತಂತೆ. ಅಲ್ಲಿ ಒಬ್ಬ ಅಡಿಕೆ ಬೆಳೆಗಾರ, ಒಬ್ಬ ಬಸ್ ಕಂಡಕ್ಟರ್, ಟೈಲರಿಂಗ್ ಮಾಡುವ ಒಬ್ಬ ಹೆಣ್ಣುಮಗಳು ಇವರಿಗೆ ಪರಿಚಯವಾಗಿ, ಎಲ್ಲರೂ ಒಂದೇ ದಿನಕ್ಕೆ ಚೀಟಿ ಬರೆಸಿಕೊಳ್ಳತೊಡಗಿದರು. "ಡಾಕ್ಟರು ಒಳ್ಳೆಯವರೇ ಸಾರ್. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾದರೆ ಏನು ಮಾಡಬೇಕು ಅಂತ ಆ ಕಂಡಕ್ಟರಿಗೆ ಗೊತ್ತಿತ್ತು" ಎಂದಿದ್ದರು. ಒಂದು ತಿಂಗಳು ಕಂಡಕ್ಟರು ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ಯಾರ ಬಳಿಯೂ ಆತನ ವಿಳಾಸವಿರಲಿಲ್ಲ. ಆತ ಏನಾದನೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ. ಆ ಮೇಷ್ಟ್ರು ಈಗಿಲ್ಲ. ಅವರ ಮಗಳನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಗುರುತು ಹಿಡಿದವರು ಹೆಸರು ಹೇಳದೆ ಸುಮ್ಮನಿರಬೇಕಾಗಿ ವಿನಂತಿ.

ಷಿಕಾಗೋದ 37 ಜನರಿಗೂ ಆ ಮರದಡಿಯ ನಾಲ್ವರಿಗೂ ಇದ್ದ ವ್ಯತ್ಯಾಸವೆಂದರೆ ಒಂದು ವಿಳಾಸ, ಒಂದು ಗೊತ್ತಾದ ದಿನ, ಬಾರದವರನ್ನು ವಿಚಾರಿಸುವ ಒಬ್ಬರು. ಅಷ್ಟೇ. ಅದು ಅಲ್ಪವಲ್ಲ.

ಕಾಯಿದೆಯ ಕಡೆಯಿಂದ ಒಂದು ಮಾತು. 1912ರ ಲೂನಸಿ ಕಾಯಿದೆ ನಮ್ಮಲ್ಲಿ 1993ರವರೆಗೂ ಜಾರಿಯಲ್ಲಿತ್ತು. ಆ ವರ್ಷ 1987ರ ಮಾನಸಿಕ ಆರೋಗ್ಯ ಕಾಯಿದೆ ಅದರ ಜಾಗಕ್ಕೆ ಬಂದಿತು. 2018ರಿಂದ ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಕೇಂದ್ರದ ಪ್ರಾಧಿಕಾರದಲ್ಲಿ ಮನೋರೋಗ ಇರುವ ಅಥವಾ ಇದ್ದ ವ್ಯಕ್ತಿಗಳ ಪ್ರತಿನಿಧಿಗಳಾಗಿ ಇಬ್ಬರು ಇರಲೇಬೇಕು. ಆರೈಕೆ ಮಾಡುವವರ ಕಡೆಯಿಂದ ಇನ್ನಿಬ್ಬರು. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಸ್ವಸ್ಥನಾಗಿರುವಾಗಲೇ ಬರೆದಿಡುವ ಹಕ್ಕನ್ನೂ ಆ ಕಾಯಿದೆ ಕೊಟ್ಟಿದೆ. ಜಾನ್ ಪರ್ಸಿವಲ್ ಇದನ್ನು ಓದಿದ್ದರೆ ಏನೆನ್ನುತ್ತಿದ್ದನೋ!

ಈಗ ನನ್ನ ವಿದ್ಯಾರ್ಥಿನಿಗೆ. ನಿನ್ನ ತಮ್ಮನನ್ನು ಕಳಿಸಮ್ಮ. ಔಷಧಿ ನಿಲ್ಲಿಸು ಎನ್ನುವ ಗುಂಪಾದರೆ ಅಂದೇ ಬಿಟ್ಟುಬರಲಿ. ನೀನು ಬಾಗಿಲವರೆಗೆ ಹೋಗು, ಒಳಗೆ ಅವನೊಬ್ಬನೇ ಹೋಗಲಿ. ಕನ್ನಡದಲ್ಲಿ ನಡೆಯುವ ಗುಂಪು ಸಿಗದಿದ್ದರೆ ನಾವೇ ಶುರುಮಾಡಬಹುದೇ ಎಂದೂ ಕೇಳಿದ್ದೀಯೆ. ಮಾಡಬಹುದು, ಆದರೆ ಮೊದಲು ಮಾತುಗಳನ್ನು ಹುಡುಕಿಕೊಳ್ಳಬೇಕಾಗುತ್ತದೆ. ರೋಗಿಗಳು ವೈದ್ಯರ ಪರಿಭಾಷೆ ಬಿಟ್ಟು ಸಾದಾ ಮಾತಿನಲ್ಲಿ ಹೇಳಬೇಕೆಂದು ಲೋ ಪಟ್ಟು ಹಿಡಿದಿದ್ದನು. 'ಖಿನ್ನತೆ', 'ಉನ್ಮಾದ' ಎಂಬುವು ನಾನು ಈ ಲೇಖನದಲ್ಲಿ ಬಳಸಿದ ಪುಸ್ತಕದ ಪದಗಳು. ನಮ್ಮ ಊರಿನಲ್ಲಿ ಯಾರೂ 'ನನಗೆ ಖಿನ್ನತೆಯಾಗಿದೆ' ಎನ್ನುವುದಿಲ್ಲ. 'ಬೇಜಾರು' ಎನ್ನುತ್ತಾರೆ, 'ಯಾವುದೂ ಬೇಡ ಅನ್ನಿಸ್ತದೆ' ಎನ್ನುತ್ತಾರೆ, 'ಎದೆ ಮೇಲೆ ಕಲ್ಲು ಇಟ್ಟ ಹಾಗಿದೆ' ಎನ್ನುತ್ತಾರೆ. ನಿಮ್ಮ ನಿಮ್ಮ ಕಡೆಗಳಲ್ಲಿ ಇದಕ್ಕೆ ಏನೆನ್ನುತ್ತಾರೆಂದು, ಮಂಡ್ಯದವರು, ಧಾರವಾಡದವರು, ಮಂಗಳೂರಿನವರು, ಕಲಬುರಗಿಯವರು ನನಗೆ ಬರೆದು ತಿಳಿಸಿರಿ. ಒಟ್ಟುಗೂಡಿಸಿ ಅವಳಿಗೆ ಕಳಿಸುತ್ತೇನೆ.