ಕರಿಘಟ್ಟದ ಬೆಟ್ಟಸಾಲು: ನೆಲ, ನೀರು ಮತ್ತು ಜನಜೀವನ

ಶ್ರೀರಂಗಪಟ್ಟಣದ ಸಮೀಪದಲ್ಲಿ, ಲೋಕಪಾವನಿಯು ಕಾವೇರಿಯನ್ನು ಸೇರುವ ಎಡೆಯಲ್ಲಿ ಕರಿಘಟ್ಟವು ನಿಂತಿದೆ. ವೈಕುಂಠ ಶ್ರೀನಿವಾಸನ ಗುಡಿಯನ್ನು ನೆತ್ತಿಯಲ್ಲಿ ಹೊತ್ತ ಈ ಬೆಟ್ಟವು ಒಂಟಿಯಾದುದಲ್ಲ. ಇಲ್ಲಿಂದ ಉತ್ತರಕ್ಕೆ ಕುಂತಿಬೆಟ್ಟ, ತೊಣ್ಣೂರು, ಮೇಲುಕೋಟೆಗಳ ಮಾರ್ಗವಾಗಿ ನಾಗಮಂಗಲದ ಕಡೆಗೆ ಬೆಟ್ಟಗಳು ಬಿಟ್ಟುಬಿಟ್ಟು ಸಾಗುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ನುಡಿಯನ್ನಾಡಿ, ಒಂದೇ ರಾಗಿಮುದ್ದೆಯನ್ನುಂಡು ಬಾಳುವ ಜನರ ಜೀವನಕ್ರಮವು ಎರಡು ಬಗೆಯಾದುದೇಕೆ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಬೆಟ್ಟಗಳು ಜನರನ್ನು ಬೇರ್ಪಡಿಸುತ್ತವೆಯೆಂಬ ಸಾಮಾನ್ಯ ಅಭಿಪ್ರಾಯವು ಈ ಸೀಮೆಗೆ ಸಲ್ಲದು. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಎಲ್ಲ ದಿಕ್ಕುಗಳ ಒಕ್ಕಲುಗಳೂ ಬೆಟ್ಟವನ್ನೇರಿ ಬರುತ್ತವೆ. ಇಲ್ಲಿ ಬೆಟ್ಟವು ಕೂಡುವ ತಾಣ. ಬೇರ್ಪಡಿಸಿದುದು ನೀರಿನ ಮಟ್ಟವೇ ಸರಿ.

ತಗ್ಗಿನಲ್ಲಿ ಕಾವೇರಿಯ ಕಟ್ಟೆಗಳಿಂದ ಹೊರಟ ನಾಲೆಗಳು ಹಳೆಯವು. ಅವುಗಳಲ್ಲೊಂದು ಇಂದಿಗೂ ಚಿಕ್ಕದೇವರಾಜ ಒಡೆಯರ (1673–1704) ಹೆಸರನ್ನು ಹೊತ್ತಿದೆ. ಎತ್ತರದ ಊರುಗಳಿಗಾದರೋ ಮಳೆಯೂ ಕೆರೆಯೂ ಗತಿ. ಎರಡು ಬೆಟ್ಟಗಳ ನಡುವಣ ಕಂದರಕ್ಕೆ ಏರಿ ಹಾಕಿ ನಿಲ್ಲಿಸಿದ ತೊಣ್ಣೂರಿನ ಕೆರೆಯು ಅಂಥ ಪ್ರಯತ್ನದ ಹಿರಿಯ ನಿದರ್ಶನ.

1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಮೊದಲಾಯಿತು. ಆ ಜಲಾಶಯದಿಂದ ಹೊರಟ ಇರ್ವಿನ್ ನಾಲೆಯು, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯು, ಹುಲಿಕೆರೆಯ ಸುರಂಗದಲ್ಲಿ ಕರಿಘಟ್ಟದ ಸಾಲನ್ನು ದಾಟಿ ಮಂಡ್ಯ, ಮದ್ದೂರುಗಳತ್ತ ಹರಿಯಿತು. ಇದು ಗಮನಾರ್ಹವಾದ ಸಂಗತಿ. ಬೆಟ್ಟದ ಒಡಲನ್ನು ಕೊರೆದು ದೂರಕ್ಕೆ ಹೋದ ನೀರು ಅದೇ ಬೆಟ್ಟಸಾಲಿನ ಎತ್ತರದ ಹಳ್ಳಿಗಳಿಗೆ ಏರಲಾರದಾಯಿತು. ನಾಲೆಯ ಕೆಳಗೆ ಭತ್ತ, ಕಬ್ಬು, ಆಲೆಮನೆ. ಮೇಲೆ ರಾಗಿ, ಹುರುಳಿ, ಕುರಿಮಂದೆ. ಒಂದೆಡೆ ತೂಬಿನ ಸರದಿಯು ಊರಿನ ದಿನಚರಿಯನ್ನು ನಡೆಸಿದರೆ, ಇನ್ನೊಂದೆಡೆ ಮುಗಿಲಿನ ನಿರೀಕ್ಷೆಯು ಅದನ್ನು ನಡೆಸಿತು.

1933ರಲ್ಲಿ ಮೈಸೂರು ಸಕ್ಕರೆ ಕಂಪನಿಯೂ, 1939ರಲ್ಲಿ ಮಂಡ್ಯ ಜಿಲ್ಲೆಯೂ ಸ್ಥಾಪಿತವಾದುವು. ‘ಸಕ್ಕರೆಯ ನಾಡು’ ಎಂಬ ಹೆಸರು ಜಿಲ್ಲೆಗೆಲ್ಲ ಅಂಟಿತು. ಆದರೆ ನಾಗಮಂಗಲ, ಕೃಷ್ಣರಾಜಪೇಟೆಗಳ ಬೆದ್ದಲು ಭೂಮಿಯ ಅನೇಕ ಕುಟುಂಬಗಳು ಜೀವನೋಪಾಯಕ್ಕಾಗಿ ಮುಂಬಯಿಯ ದಾರಿ ಹಿಡಿದುವು. 2020ರ ಮೇ ತಿಂಗಳಲ್ಲಿ, ಕೊರೊನಾ ವ್ಯಾಧಿಯ ಕಾಲಕ್ಕೆ, ಅವರಲ್ಲಿ ಬಹುಮಂದಿ ಹುಟ್ಟೂರಿಗೆ ಮರಳಿದಾಗಲೇ ಈ ವಲಸೆಯು ನಾಡಿನ ಗಮನಕ್ಕೆ ಬಿದ್ದಿತು. ಸಕ್ಕರೆಯ ಹೆಸರಿನ ನೆರಳಿನಲ್ಲಿ ಅವರ ಚರಿತ್ರೆಯು ಅಷ್ಟುಕಾಲ ಮರೆಯಾಗಿತ್ತು.

ಹಾಗಾದರೆ ಭೂಗೋಳವೇ ವಿಧಿಯೆ? ಅಲ್ಲವೆಂದೇ ನಮ್ಮ ಅಭಿಪ್ರಾಯ. ನೆಲದ ಇಳಿಜಾರು ಪ್ರಕೃತಿದತ್ತವಾದುದು. ನಾಲೆಯ ಮಟ್ಟವಾದರೋ ಮನುಷ್ಯರು ಅಳೆದು ನಿಶ್ಚಯಿಸಿದುದು. ಗೊರೂರಿನ ಅಣೆಕಟ್ಟಿನ ಬಳಿಕ ಹೇಮಾವತಿಯ ನಾಲೆಗಳು ಈ ಎರಡು ತಾಲ್ಲೂಕುಗಳ ಕೆಲವು ಭಾಗಗಳನ್ನು ಮುಟ್ಟಿದುದು ಆ ಗೆರೆಯನ್ನು ಬದಲಿಸಬಹುದೆಂಬುದಕ್ಕೆ ಸಾಕ್ಷಿ. ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಸೇರುವ ಲೋಕಪಾವನಿಯು ಹುಟ್ಟುವುದು ನಾಗಮಂಗಲದ ಬೆದ್ದಲು ಸೀಮೆಯಲ್ಲಿ. ಈ ಪ್ರದೇಶದ ಚರಿತ್ರೆಯನ್ನು ಬರೆಯಹೊರಡುವವರು ಶಾಸನಗಳ ಜೊತೆಗೆ ನಾಲೆಗಳ ನಕ್ಷೆಯನ್ನೂ ಓದಬೇಕು. ನೀರು ತಲಪಿದ ಊರುಗಳಂತೆಯೇ ತಲಪದ ಊರುಗಳನ್ನೂ ಎಣಿಕೆಗೆ ತಂದುಕೊಳ್ಳಬೇಕು.