ಸ್ಟಾರ್ಟ್ ಆಗದ ಅಗ್ಗದ ಕಾರು: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಗೌರಿಬಿದನೂರು ಸೀಮೆಯ ಅಲೀಪುರ ಹರಳಿನ ವ್ಯಾಪಾರಕ್ಕೆ ಹೆಸರಾದ ಊರು. ಕಚ್ಚಾ ಹರಳನ್ನು ಬೆಳಕಿಗೆ ಹಿಡಿದು, ಒಳಗೆ ಬಿರುಕಿರಬಹುದೆಂಬ ಎಣಿಕೆಯೊಡನೆಯೇ ಬೆಲೆ ಕಟ್ಟುವುದು ಆ ಕಸುಬಿನ ಮೊದಲ ಪಾಠ. ಹಳೆಯ ಕಾರಿನ ವಿಷಯದಲ್ಲಿಯೂ ಪಾಠ ಬೇರೆಯಲ್ಲ. ಆದರೆ ಎರಡು ಮೂರು ವರ್ಷ ಮರದ ಕೆಳಗೆ ನಿಂತ ಕಾರೊಂದು ಕೈಗೆಟುಕುವ ಬೆಲೆಗೆ ಬಂದಾಗ, "ಬ್ಯಾಟರಿ ಒಂದೇ ಡೌನ್ ಭಾಯ್, ಇನ್ನೇನೂ ಇಲ್ಲ" ಎಂಬ ಒಂದು ಮಾತಿಗೆ ಎಷ್ಟೋ ಕುಟುಂಬಗಳು ಉಳಿತಾಯದ ಹಣವನ್ನು ಒಪ್ಪಿಸಿಬಿಡುತ್ತವೆ.

ರಾತ್ರಿ ಹೊತ್ತು ರೋಗಿಯನ್ನು ಗೌರಿಬಿದನೂರಿಗೋ ಚಿಕ್ಕಬಳ್ಳಾಪುರಕ್ಕೋ ಕರೆದೊಯ್ಯಬೇಕಾಗಿ ಬರುವ ಮನೆಗೆ ಸ್ವಂತ ವಾಹನ ಆಡಂಬರವಲ್ಲ. ಅಂಥ ಮನೆಗಳ ಕಣ್ಣು ಮೊದಲು ಬೀಳುವುದು ಮಾರುತಿ 800, ಓಮ್ನಿ, ಇಂಡಿಕಾ, ಸ್ಯಾಂಟ್ರೋ ಮುಂತಾದ ಹಳೆಯ ಗಾಡಿಗಳ ಮೇಲೆ. ಮಾರುತಿ 800ರ ತಯಾರಿಕೆ 1983ರಲ್ಲಿ ಆರಂಭವಾಗಿ 2014ರಲ್ಲಿ ನಿಂತಿತು. ಓಮ್ನಿ 2019ರಲ್ಲಿ ನಿಂತಿತು. ಬಿಡಿಭಾಗಗಳು ಇನ್ನೂ ದೊರೆಯುತ್ತವೆ, ರಿಪೇರಿ ಬಲ್ಲವರೂ ಇದ್ದಾರೆ. ಆದುದರಿಂದ ಇಂಥ ಕಾರು ಕೊಳ್ಳುವುದೇ ಮೂರ್ಖತನವೆನ್ನಲಾಗದು. ಯಾವ ಕಾರು, ಯಾವ ಬೆಲೆಗೆ ಎಂಬುದಷ್ಟೇ ಪ್ರಶ್ನೆ.

ಬಾನೆಟ್ಟಿಗಿಂತ ಮೊದಲು ಆರ್‌ಸಿ

ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎತ್ತಿಸಬೇಕಾದದ್ದು ಕಾಗದಪತ್ರಗಳನ್ನು. ಕೆಟ್ಟ ಎಂಜಿನ್ನನ್ನು ಹಣ ಕೊಟ್ಟರೆ ಸರಿಪಡಿಸಬಹುದು, ಕೆಟ್ಟ ದಾಖಲೆಯನ್ನು ಎಷ್ಟೋ ಸಲ ಹಣ ಕೊಟ್ಟರೂ ಸರಿಪಡಿಸಲಾಗದು.

1988ರ ಮೋಟಾರು ವಾಹನ ಕಾಯಿದೆಯ 41ನೇ ಕಲಮಿನಂತೆ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತ. ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣಕ್ಕೆ ವಾಹನವನ್ನು ಸಾರಿಗೆ ಕಚೇರಿಯಲ್ಲಿ ತಪಾಸಣೆಗೆ ಒಡ್ಡಬೇಕು: ದೀಪ, ಬ್ರೇಕು, ಹೊಗೆ ಎಲ್ಲವೂ ಸರಿಯಿರಬೇಕು. ಅಂದರೆ, ಅವಧಿ ಮುಗಿದ ಆರ್‌ಸಿ ಇರುವ, ಸ್ಟಾರ್ಟ್ ಆಗದ ಕಾರು ರಿಪೇರಿಯಾಗಿ ತಪಾಸಣೆಯಲ್ಲಿ ತೇರ್ಗಡೆಯಾಗುವವರೆಗೆ ಕಾನೂನಿನ ಕಣ್ಣಿಗೆ ರಸ್ತೆಯ ವಾಹನವೇ ಅಲ್ಲ. ಇದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಶುಲ್ಕವೂ ಮೊದಲಿನಂತಿಲ್ಲ. 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂಪಾಯಿ ಮಾಡಲಾಯಿತು. ಇದರ ಮೇಲೆ ಹಸಿರು ತೆರಿಗೆ, ವಿಳಂಬವಾದ ಪ್ರತಿ ತಿಂಗಳ ದಂಡ. ನಾಲ್ಕು ವರ್ಷ ನಿಂತ ಗಾಡಿಯಾದರೆ ದಂಡವೇ ದೊಡ್ಡ ಮೊತ್ತವಾಗಬಹುದು. ಮುಂಗಡ ಕೊಡುವ ಮುನ್ನ ಸಾರಿಗೆ ಕಚೇರಿಯಲ್ಲಿ ಆ ಗಾಡಿಯ ಸಂಖ್ಯೆ ಹೇಳಿ ಒಟ್ಟು ಬಾಕಿಯನ್ನು ಕೇಳಿ ಬರೆದುಕೊಳ್ಳುವುದು ಲೇಸು. ಹಳೆಯ ಕಾರುಗಳನ್ನೆಲ್ಲ ಸರ್ಕಾರ ಗುಜರಿಗೆ ಹಾಕುತ್ತದೆಂಬ ಮಾತು ಆಗಾಗ ಹಬ್ಬುತ್ತದೆ. ವಯಸ್ಸಿನ ಆಧಾರದ ಮೇಲಿನ ಆ ನಿರ್ಬಂಧ ಹುಟ್ಟಿದ್ದು ದೆಹಲಿ ಪ್ರದೇಶಕ್ಕಾಗಿ. ಕರ್ನಾಟಕದಲ್ಲಿ ತಪಾಸಣೆಯಲ್ಲಿ ಗೆದ್ದ ಖಾಸಗಿ ಕಾರಿಗೆ ನವೀಕರಣ ದೊರೆಯುತ್ತದೆ.

ಈ ಭಾಗದಲ್ಲಿ ನೋಂದಣಿ ಸಂಖ್ಯೆಯೂ ಕಥೆ ಹೇಳುತ್ತದೆ. ಚಿಕ್ಕಬಳ್ಳಾಪುರದ್ದು ಕೆಎ-40, ಚಿಂತಾಮಣಿಯದ್ದು ಕೆಎ-67. ಜಿಲ್ಲೆ 2007ರಲ್ಲಿ ಕೋಲಾರದಿಂದ ಬೇರ್ಪಟ್ಟಿದ್ದರಿಂದ ಹಳೆಯ ಗಾಡಿಗಳ ಮೇಲೆ ಕೆಎ-07 ಇರುವುದು ಸಹಜ. ಹಿಂದೂಪುರದ ಕಡೆಯಿಂದ ಬರುವ ಆಂಧ್ರದ ಗಾಡಿಗಳ ವಿಷಯ ಬೇರೆ. ಅದಕ್ಕೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ 28ನೇ ಫಾರಂ ಬೇಕು, ಕರ್ನಾಟಕದ ಆಜೀವ ತೆರಿಗೆಯನ್ನೂ ಕಟ್ಟಬೇಕು. ಹತ್ತು ಸಾವಿರ ಅಗ್ಗವೆಂದು ಗಡಿ ದಾಟಿ ತಂದ ಕಾರು ಇಲ್ಲಿ ದುಬಾರಿಯಾಗುವುದು ಹೀಗೆ.

ಮಾರುವವನೇ ನೋಂದಾಯಿತ ಮಾಲೀಕನೇ? ಹಳೆಯ ಕಾರುಗಳು ಸಹಿ ಹಾಕಿದ ಖಾಲಿ 29, 30ನೇ ಫಾರಂಗಳೊಡನೆ ನಾಲ್ಕಾರು ಕೈ ದಾಟಿರುತ್ತವೆ. ಮೊದಲ ಮಾಲೀಕ ತೀರಿಕೊಂಡಿದ್ದರೆ ಆ ಸಹಿಗೆ ಬೆಲೆಯಿಲ್ಲ, ವಾರಸುದಾರರ ಮೂಲಕವೇ ವರ್ಗಾವಣೆ ಆಗಬೇಕು. ಎಂಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ನೋಂದಣಿಯ ಅವಧಿ, ವಿಮೆ, ಬ್ಯಾಂಕ್ ಸಾಲದ ನಮೂದು ಕಾಣುತ್ತವೆ. ಸಾಲ ತೀರಿದ್ದರೂ ನಮೂದು ಹಾಗೆಯೇ ಉಳಿದಿದ್ದರೆ ಬ್ಯಾಂಕಿನ ಪತ್ರ ಮತ್ತು 35ನೇ ಫಾರಂ ಇಲ್ಲದೆ ಮುಂದುವರಿಯಬಾರದು. ಚಾಸಿ ಸಂಖ್ಯೆಯನ್ನು ಆರ್‌ಸಿಯೊಡನೆ ಅಂಕಿ ಅಂಕಿಯಾಗಿ ಹೋಲಿಸಬೇಕು. ಓಮ್ನಿಯಾದರೆ ಗ್ಯಾಸ್ ಕಿಟ್ ಆರ್‌ಸಿಯಲ್ಲಿ ನಮೂದಾಗಿದೆಯೇ ಎಂದು ನೋಡಬೇಕು. ನಮೂದಾಗದ ಕಿಟ್ ತಪಾಸಣೆಯ ದಿನ ತೊಡಕಾಗುತ್ತದೆ.

ಸೆಲ್ಫ್ ಹೊಡೆಯುತ್ತದೆಯೋ ಇಲ್ಲವೋ

ಕಾಗದ ಸರಿಯಿದ್ದರೆ ಎಂಜಿನ್ನಿನ ಸರದಿ. "ಸ್ಟಾರ್ಟ್ ಆಗುವುದಿಲ್ಲ" ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಕೀಲಿ ತಿರುಗಿಸಿದಾಗ ಸೆಲ್ಫ್ ಮೋಟಾರ್ ಎಂಜಿನ್ನನ್ನು ತಿರುಗಿಸುವುದೇ ಇಲ್ಲ ಎಂಬುದು ಒಂದು. ತಿರುಗಿಸುತ್ತದೆ, ಆದರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ ಎಂಬುದು ಇನ್ನೊಂದು.

ಪರೀಕ್ಷೆಗೆ ಹೋಗುವಾಗ ಚಾರ್ಜ್ ಆದ ಬ್ಯಾಟರಿಯನ್ನು ಕೊಂಡೊಯ್ಯಬೇಕು. "ಬ್ಯಾಟರಿ ಒಂದೇ ಡೌನ್" ಎಂಬ ಮಾತಿನ ನಿಜ ಐದು ನಿಮಿಷದಲ್ಲಿ ತಿಳಿಯುತ್ತದೆ. ಬ್ಯಾಟರಿಯ ಕೊರತೆಯೊಂದೇ ಆಗಿದ್ದರೆ ಮಾರುವವನು ತಾನೇ ಒಂದು ಬ್ಯಾಟರಿ ಹಾಕಿ, ಓಡುವ ಕಾರಿನ ಬೆಲೆಗೆ ಮಾರುತ್ತಿರಲಿಲ್ಲವೇ? ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿಯಬಾರದು. ಟರ್ಮಿನಲ್‌ಗಳ ಮೇಲೆ ಕಟ್ಟಿದ ಬಿಳಿ ಅಥವಾ ಹಸಿರು ಪುಡಿಯನ್ನು ಕೆರೆದು ಬಿಗಿ ಮಾಡಿಯೇ ಮುಂದಿನ ಹೆಜ್ಜೆ.

ಒಳ್ಳೆಯ ಬ್ಯಾಟರಿಗೂ ಒಂದೇ ಒಂದು 'ಟಕ್' ಶಬ್ದ ಬಂದು ಸುಮ್ಮನಾದರೆ ಸೆಲ್ಫ್ ಮೋಟಾರ್ ಕೆಟ್ಟಿರಬಹುದು, ಅದು ಸಣ್ಣ ಖರ್ಚು. ಎಂಜಿನ್ನೇ ಕಚ್ಚಿಕೊಂಡಿರಬಹುದು, ಅದು ದೊಡ್ಡ ಖರ್ಚು. ಇವೆರಡನ್ನು ಬೇರ್ಪಡಿಸುವ ಉಪಾಯ ಸರಳ: ಗೇರನ್ನು ನ್ಯೂಟ್ರಲ್‌ಗೆ ಹಾಕಿ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪಾನರ್ ಕೊಟ್ಟು ಕೈಯಿಂದ ತಿರುಗಿಸುವುದು. ಬಿಗಿಯಾದರೂ ತಿರುಗಿತೆಂದರೆ ಆಸೆಯಿದೆ. ಕದಲದಿದ್ದರೆ ಆ ಕಾರಿಗೆ ಗುಜರಿಯ ಬೆಲೆಗಿಂತ ಹೆಚ್ಚು ಕೊಡುವುದು ತರವಲ್ಲ. ಮಾರುತಿ 800ರ ತೂಕ ಸುಮಾರು 650 ಕಿಲೋ. ದಿನದ ಗುಜರಿ ದರದಿಂದ ಗುಣಿಸಿದರೆ ಬೆಲೆಯ ತಳ ಎಲ್ಲಿದೆಯೆಂದು ಗೊತ್ತಾಗುತ್ತದೆ.

ಸೆಲ್ಫ್ ಹೊಡೆಯುತ್ತಿದ್ದರೆ ಕಿವಿಗೊಡಬೇಕು. ಎಂಜಿನ್ ಎಂದಿಗಿಂತ ಹಗುರವಾಗಿ, ತಡೆಯಿಲ್ಲದೆ 'ಗಿರ್ರ್' ಎಂದು ತಿರುಗಿದರೆ ಟೈಮಿಂಗ್ ಬೆಲ್ಟ್ ಹರಿದಿರುವ ಅನುಮಾನ ಬರಬೇಕು. ಡೀಸೆಲ್ ಎಂಜಿನ್ನುಗಳಲ್ಲಿ ಹಾಗಾದಾಗ ಸಾಮಾನ್ಯವಾಗಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗಿರುತ್ತವೆ. ಈ ಅನುಮಾನವಿರುವಾಗ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಹೊರಡಬಾರದು. ಶಬ್ದ ಸಮವಾಗಿದ್ದರೆ ಉಳಿದದ್ದು ಕಿಡಿ ಮತ್ತು ಇಂಧನ. ಒಂದು ಪ್ಲಗ್ ಬಿಚ್ಚಿ ಕಿಡಿ ನೋಡುವುದು ಯಾವ ಮೆಕ್ಯಾನಿಕ್‌ಗೂ ಗೊತ್ತು. ಇಂಜೆಕ್ಷನ್ ಗಾಡಿಯಲ್ಲಿ ಕೀಲಿ ಹಾಕಿದೊಡನೆ ಹಿಂಬದಿಯ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡು ಗುಂಯ್‌ಗುಡಬೇಕು. ಹಳೆಯ ಕಾರ್ಬ್ಯುರೇಟರ್ ಗಾಡಿಯಲ್ಲಿ ಈ ಸದ್ದಿರುವುದಿಲ್ಲ. ವರ್ಷಗಟ್ಟಲೆ ಟ್ಯಾಂಕಿನಲ್ಲಿದ್ದ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತದೆ, ಅದನ್ನು ಬಸಿಯಲೇಬೇಕು. ಇಲಿ ಕಡಿದ ವೈರು ಬಯಲುಸೀಮೆಯ ನಿಂತ ಗಾಡಿಗಳ ಸಾಮಾನ್ಯ ರೋಗ, ಖರ್ಚು ಸಣ್ಣದಾದರೂ ಹುಡುಕಾಟ ದೊಡ್ಡದು.

ಇಷ್ಟರಲ್ಲೇ ಡಿಪ್ ಸ್ಟಿಕ್ ಎಳೆದು ನೋಡಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಬೆರೆತಿದೆಯೆಂದು ಅರ್ಥ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ಡೇ ಸೀಳಿರಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದನ್ನು ನೆನೆದರೆ ರಾಜಧಾನಿಯಿಂದ ಬಂದ ಅಗ್ಗದ ಗಾಡಿಯ ಕಾರ್ಪೆಟ್ ಎತ್ತಿ ಕೆಸರು ಹುಡುಕುವುದು ಅತಿಯಾಗದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ನೀರಿನ ಗೆರೆ ಕಂಡರೆ ಮಾತು ಅಲ್ಲಿಗೇ ಮುಗಿಯಿತು. ಅಂಥ ಗಾಡಿಗೆ ಸೆಲ್ಫ್ ಹೊಡೆಯುವುದೂ ಅಪಾಯ.

ಕೊನೆಯದಾಗಿ ಕಂಪ್ರೆಷನ್ ಪರೀಕ್ಷೆ. ಎಲ್ಲ ಪರೀಕ್ಷೆಗಳಿಗಿಂತ ಇದು ಮುಖ್ಯ, ಆದರೆ ಬಹುತೇಕ ಯಾರೂ ಮಾಡಿಸುವುದಿಲ್ಲ. ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿನಲ್ಲೂ ಅಂದಾಜು 150ರ ಆಸುಪಾಸಿನ ಪಿಎಸ್‌ಐ ಒತ್ತಡ ಸಿಗಬೇಕು, ಒಂದಕ್ಕೂ ಇನ್ನೊಂದಕ್ಕೂ ಹೆಚ್ಚು ಅಂತರ ಇರಬಾರದು. ಒಂದು ಸಿಲಿಂಡರು ಕಡಿಮೆ ತೋರಿದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹನಿಸಿ ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ರಿಂಗು, ಬೋರ್ ಸವೆದಿವೆ. ಏರದಿದ್ದರೆ ದೋಷ ವಾಲ್ವಿನಲ್ಲೋ ಗ್ಯಾಸ್ಕೆಟ್‌ನಲ್ಲೋ ಇದೆ.

ಲೆಕ್ಕ

ಅದೇ ವರ್ಷದ, ಅದೇ ಮಾದರಿಯ ಓಡುವ ಕಾರು 70,000ಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಎಂಜಿನ್ ತಿರುಗಿಸಿ ನೋಡಿಲ್ಲ, ಕಂಪ್ರೆಷನ್ ಅಳೆದಿಲ್ಲ. ಆಗ ಮೆಕ್ಯಾನಿಕ್ ಹೇಳುವ ಅತಿ ಕೆಟ್ಟ ಖರ್ಚನ್ನೇ ಹಿಡಿಯಬೇಕು, 35,000. ನವೀಕರಣ, ವರ್ಗಾವಣೆ, ವಿಮೆ, ಎಳೆದು ತರುವ ಖರ್ಚು 15,000. ನಿಂತಲ್ಲೇ ಬಿರುಕು ಬಿಟ್ಟ ಟೈರುಗಳು, ಬ್ಯಾಟರಿ, ತುಕ್ಕು ಹಿಡಿದ ಬ್ರೇಕು 15,000. ಉಳಿಯುವುದು 5,000. ಮಾರುವವನು 25,000 ಕೇಳುತ್ತಿದ್ದರೆ ಅದು ಅಗ್ಗವಲ್ಲ. ಪರೀಕ್ಷೆಗಳಲ್ಲಿ ಎಂಜಿನ್ ಗಟ್ಟಿಯೆಂದು ತಿಳಿದು, ಅತಿ ಕೆಟ್ಟ ಖರ್ಚು 10,000ಕ್ಕೆ ಇಳಿದರೆ ಅದೇ ಕಾರಿಗೆ 30,000ದವರೆಗೆ ಕೊಡಬಹುದು. ಮಾರುವವನು ಪರೀಕ್ಷೆಗೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ, ಬೆಲೆ 5,000ದಲ್ಲೇ ನಿಲ್ಲಬೇಕು.

ವ್ಯವಹಾರ ಕುದುರಿದರೆ ಕೈಬದಲಾದ ದಿನಾಂಕ, ವೇಳೆಯನ್ನು ಬರೆದ ಪತ್ರಕ್ಕೆ ಇಬ್ಬರೂ ಸಹಿ ಮಾಡಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು 50ನೇ ಕಲಮು ಹೇಳುತ್ತದೆ. ಮಾರಿದವನಿಗೂ ಇದು ಹಿತವೇ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿದ ತೀರ್ಪಿನಂತೆ, ಕಾರು ಎಷ್ಟು ಕೈ ದಾಟಿದ್ದರೂ ಅಪಘಾತದ ಪರಿಹಾರಕ್ಕೆ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕನದೇ. ರಿಪೇರಿಯಾದ ಸಂತೋಷದಲ್ಲಿ ವಿಮೆಯಿಲ್ಲದೆ ಗಾಡಿಯನ್ನು ಗೌರಿಬಿದನೂರು ರಸ್ತೆಗೆ ಒಯ್ಯುವುದು ಮಾತ್ರ ಸಲ್ಲದು. ಮೂರನೆಯವರ ವಿಮೆ ಮಾಡಿಸಿ, ತಪಾಸಣೆಯ ದಿನ ಗೊತ್ತುಪಡಿಸಿಕೊಂಡ ಮೇಲೆಯೇ ಕಾರು ಗ್ಯಾರೇಜಿನಿಂದ ಹೊರಬರಲಿ.